'ರೆಟ್ರೋ' ಫೋಟೋಶೂಟ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಸ್ಟುಡಿಯೋ ಹೆಸರು ಹೇಳುವುದಿಲ್ಲ, ಅವರ ಜೊತೆ ಜಗಳ ಇನ್ನೂ ಮುಗಿದಿಲ್ಲ. ಆದರೆ ಸೀಮಂತಕ್ಕೋ ಮದುವೆಗೋ ಹಳೇ ಕಾಲದ ಥರ ಫೋಟೋ ತೆಗೆಸಬೇಕು ಅಂತ ಯಾರಾದರೂ ಯೋಚಿಸುತ್ತಿದ್ದರೆ ನನ್ನ ಕಥೆ ಕೇಳಿ.

ನಮ್ಮಜ್ಜಿಯ ಒಂದು ಫೋಟೋ ಇದೆ. 1968ರಲ್ಲಿ ಮೈಸೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು, ಸೀಮಂತದ ದಿನ. ಹೊಟ್ಟೆಯಲ್ಲಿದ್ದವಳು ನಮ್ಮಮ್ಮ. ಅಜ್ಜಿ ಸ್ಟೂಲಿನ ಮೇಲೆ ಕೂತಿದ್ದಾರೆ, ಹಿಂದೆ ನಿಲುವುಗನ್ನಡಿ. ಮುಖ ನಮ್ಮ ಕಡೆ, ಕನ್ನಡಿಯಲ್ಲಿ ಮೊಗ್ಗಿನ ಜಡೆ ಕುಚ್ಚಿನ ತನಕ. ನಿಮ್ಮ ಮನೆಯ ಹಳೇ ಆಲ್ಬಮ್ಮಿನಲ್ಲೂ ಇಂಥದ್ದೊಂದು ಇರಬೇಕು, ಅಲ್ವಾ? ನನಗೆ ಏಳು ತಿಂಗಳು ತುಂಬಿದಾಗ ಅದೇ ಫೋಟೋ, ಅದೇ ಥರ, ನನಗೂ ಬೇಕು ಅನ್ನಿಸಿತು.

ಮನೆ ಹತ್ತಿರದ ಸ್ಟುಡಿಯೋದಲ್ಲಿ 14,000 ರೂಪಾಯಿ ಪ್ಯಾಕೇಜ್ ಅಂದರು. ಮೇಕಪ್, ಜಡೆ, ಫೋಟೋ ಎಲ್ಲ ಸೇರಿ. 6,000 ಅಡ್ವಾನ್ಸ್ ಕೊಟ್ಟೆ. ಅಜ್ಜಿ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದೆ. "ಪಕ್ಕಾ ಇದೇ ಥರ ಬರುತ್ತೆ ಮೇಡಂ" ಅಂತ ಉತ್ತರ ಬಂತು. ಯಾರೂ ಸರಿಯಾಗಿ ನೋಡಿರಲೇ ಇಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಮೊದಲು ಜಡೆ. ಮಲ್ಲಿಗೆ ಮೊಗ್ಗು ಸಂಜೆಗೆ ಬಿರಿಯುತ್ತದೆ. ಅದಕ್ಕೇ ಮೊಗ್ಗಿರುವಾಗಲೇ ಪೋಣಿಸಿ, ಜಡೆಗೆ ಹೊಲಿದು, ಅರಳುವ ಮುಂಚೆ ಫೋಟೋ ತೆಗೆಸುತ್ತಿದ್ದರು. ಇಲ್ಲಿ ಒಂದು ರಟ್ಟಿನ ಡಬ್ಬದಿಂದ ರೆಡಿ ಜಡೆ ತೆಗೆದರು. ಪ್ಲಾಸ್ಟಿಕ್ ಮೊಗ್ಗು, ಹಳದಿಗೆ ತಿರುಗಿತ್ತು, ಯಾರದ್ದೋ ತಲೆಯ ಎಣ್ಣೆ ವಾಸನೆ ಬೇರೆ. ಹೂವಿನ ಖರ್ಚು ಕೊಡುತ್ತೇನೆ ಅಂದರೂ "ಟೈಮ್ ಇಲ್ಲ ಮೇಡಂ" ಅಂದರು.

ಮೇಕಪ್ ಇನ್ನೊಂದು ಪುರಾಣ. ಅಜ್ಜಿ ಮುಖದಲ್ಲಿ ಇರುವುದು ಪೌಡರ್, ಕಾಡಿಗೆ, ಕುಂಕುಮ, ಅಷ್ಟೇ. ಮೇಕಪ್ ಹುಡುಗಿಗೆ ರೆಟ್ರೋ ಅಂದರೆ ಹಳೇ ಸಿನಿಮಾ ಹೀರೋಯಿನ್. ಕೂದಲನ್ನು ಉಲ್ಟಾ ಬಾಚಿ, ಸ್ಪ್ರೇ ಹೊಡೆದು ನೆತ್ತಿ ಮೇಲೆ ಗುಡ್ಡ ಕಟ್ಟಿದಳು. ಐಲೈನರ್‌ಗೆ ಬಾಲ ಎಳೆದಳು. ಮೊಗ್ಗಿನ ಜಡೆಗೆ ನಡು ಬೈತಲೆ ತೆಗೆದು ಕೂದಲನ್ನು ಒತ್ತಿ ಬಾಚಬೇಕು. ಗುಡ್ಡದ ಮೇಲೆ ಬೈತಲೆಬೊಟ್ಟು ಎಲ್ಲಿ ಕೂರುತ್ತದೆ? ಜಾರಿ ಜಾರಿ ಕಿವಿ ಕಡೆ ಬಂತು. ಕೊನೆಗೆ ಅಂಟು ಹಚ್ಚಿ ಸುಳ್ಳು ರೆಪ್ಪೆ ಅಂಟಿಸಿದಳು. ಹತ್ತು ನಿಮಿಷಕ್ಕೆ ಉರಿ ಶುರುವಾಯಿತು. "ಸ್ವಲ್ಪ ಹೊತ್ತು ಅಷ್ಟೇ ಅಕ್ಕಾ, ತಡ್ಕೊಳ್ಳಿ" ಅಂದಳು. ನಾನೂ ದಡ್ಡಿ, ತಡೆದುಕೊಂಡೆ. ಮಾರನೇ ದಿನ ಸಂಜೆ ತನಕ ರೆಪ್ಪೆ ಊದಿಕೊಂಡಿತ್ತು. ಬಸುರಿಯಾಗಿರುವಾಗ ಡಾಕ್ಟರ್ ಹತ್ತಿರ ಬೈಸಿಕೊಳ್ಳುವುದು ಬೇಕಿತ್ತಾ? ಆ ಅಂಟನ್ನು ಎರಡು ದಿನ ಮೊದಲೇ ಮೊಣಕೈ ಒಳಗಡೆ ಒಂಚೂರು ಹಚ್ಚಿ ನೋಡಬೇಕಿತ್ತು.

ಇನ್ನು ಕನ್ನಡಿ. ನನ್ನಿಂದ ಕ್ಯಾಮೆರಾಗೆ ಸುಮಾರು 8 ಅಡಿ. ಕನ್ನಡಿ ನನ್ನ ಹಿಂದೆ 2 ಅಡಿ. ಪ್ರತಿಬಿಂಬ ಕನ್ನಡಿಯ ಆಚೆಗೂ ಅಷ್ಟೇ ದೂರ ಇದ್ದ ಹಾಗೆ, ಅಂದರೆ ಕನ್ನಡಿಯೊಳಗಿನ ಜಡೆ ಕ್ಯಾಮೆರಾ ಪಾಲಿಗೆ 12 ಅಡಿ ದೂರ. ಎರಡೂ ಚೊಕ್ಕವಾಗಿ ಬರಬೇಕಾದರೆ ಲೆನ್ಸ್‌ನ ಕಿಂಡಿ ಚಿಕ್ಕದು ಮಾಡಬೇಕು, ಎಫ್ 11ರ ಆಸುಪಾಸು. ಇದನ್ನು ನನಗೆ ಆಮೇಲೆ ಹೇಳಿಕೊಟ್ಟವನು ನನ್ನ ತಮ್ಮ. ಇವರು ಎಫ್ 1.8ರಲ್ಲಿ, ಅಂದರೆ ಕಿಂಡಿ ಅಗಲವಾಗಿ ತೆರೆದು, ತೆಗೆದಿದ್ದರು. ಮುಖ ಚೂಪು, ಜಡೆ ಮಂಜು. "ಬ್ಲರ್ ಇದ್ರೇನೇ ಲುಕ್ ಮೇಡಂ." ಜಡೆ ಕಾಣಲಿ ಅಂತಲೇ ತಾನೇ ಕನ್ನಡಿ ಇಡುವುದು?

ಇದೆಲ್ಲ ನುಂಗಿಕೊಳ್ಳುತ್ತಿದ್ದೆ. ಆದರೆ ಕಪ್ಪು-ಬಿಳುಪು ಫೋಟೋ ಬಂತಲ್ಲ, ಅದರಲ್ಲಿ ನನ್ನ ಹಣೆಯಲ್ಲಿ ಕುಂಕುಮವೇ ಇರಲಿಲ್ಲ.

ನಾನು ಇಟ್ಟುಕೊಂಡಿದ್ದೆ, ಕಾಸಿನಗಲ. ಆಗಿದ್ದು ಇಷ್ಟು. ಬಣ್ಣದ ಫೋಟೋವನ್ನು ಕಂಪ್ಯೂಟರ್‌ನಲ್ಲಿ ಕಪ್ಪು-ಬಿಳುಪು ಮಾಡುವಾಗ ಯಾವ ಬಣ್ಣ ಎಷ್ಟು ಕಪ್ಪಾಗಬೇಕು ಅಂತ ಒಂದೊಂದಾಗಿ ಏರಿಸಿ ಇಳಿಸಬಹುದು. ನಮ್ಮ ಚರ್ಮದಲ್ಲಿ ಕೆಂಪು, ಕಿತ್ತಳೆ ಜಾಸ್ತಿ. ಮುಖ ಬೆಳ್ಳಗೆ ಕಾಣಲಿ ಅಂತ ಅವರು ಕೆಂಪನ್ನು ಪೂರ್ತಿ ಏರಿಸಿದ್ದಾರೆ. ಕುಂಕುಮವೂ ಕೆಂಪೇ. ಅದೂ ಚರ್ಮದ ಜೊತೆ ಬೆಳ್ಳಗಾಗಿ ಮಾಯವಾಯಿತು. ತುಟಿಯೂ ಜ್ವರ ಬಂದವರ ಹಾಗೆ. ಗಲ್ಲದ ಮೇಲಿನ ಮಚ್ಚೆಯನ್ನು ಕೇಳದೇ ಅಳಿಸಿದ್ದರು. ಬೆಳ್ಳಗೆ ಮಾಡಿ ಅಂತ ನಾನು ಕೇಳಿರಲೇ ಇಲ್ಲ.

ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರು. "ಯಾಕೇ, ಕುಂಕುಮ ಇಟ್ಕೊಂಡಿರ್ಲಿಲ್ವೇನೇ?" ಅಂದವರೇ ಮೊಬೈಲನ್ನು ಮಗುಚಿ ಇಟ್ಟು ಒಳಗೆ ಹೋದರು. ಅಮ್ಮ ಮಾತೇ ಆಡಲಿಲ್ಲ. ತುಂಬಿದ ಬಸುರಿಯ ಬೋಳು ಹಣೆ ನೋಡಿದರೆ ನಮ್ಮ ಮನೆಯಲ್ಲಿ ಏನನ್ನಿಸುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಸ್ಟುಡಿಯೋಗೆ ಫೋನ್ ಮಾಡಿದೆ. ಕಂಪ್ಯೂಟರ್‌ನಲ್ಲಿ ಒಂದು ಕರೀ ಚುಕ್ಕೆ ಇಟ್ಟು ಕಳಿಸಿದರು, ಸ್ಟಿಕ್ಕರ್ ಥರ. ಹೋಗಲಿ, ಬಣ್ಣದ ಒರಿಜಿನಲ್ ಕೊಡಿ, ತಮ್ಮನೇ ಸರಿ ಮಾಡುತ್ತಾನೆ ಅಂದೆ. ಮೊದಲು "ಒರಿಜಿನಲ್ ಕೊಡೋದಿಲ್ಲ" ಅಂದರು. ಜೋರು ಮಾಡಿದ ಮೇಲೆ "ಕಾರ್ಡ್ ಫಾರ್ಮ್ಯಾಟ್ ಆಯ್ತು" ಅಂದರು, ಅಂದರೆ ಕ್ಯಾಮೆರಾ ಕಾರ್ಡಿನಲ್ಲಿದ್ದದ್ದೆಲ್ಲ ಅಳಿಸಿಹೋಯಿತಂತೆ. ನನಗೆ ಜಾಸ್ತಿ ಉರಿದಿದ್ದು ಇದಕ್ಕೆ. ಬಣ್ಣದ ಫೈಲ್ ಇದ್ದಿದ್ದರೆ ಕುಂಕುಮ ವಾಪಸ್ ಬರುತ್ತಿತ್ತು. ಹಾಗಾಗಿ ಅಡ್ವಾನ್ಸ್ ರಸೀದಿಯಲ್ಲೇ 'ಎಡಿಟ್ ಮಾಡದ ಬಣ್ಣದ ಫೈಲ್ ಕೊಡಬೇಕು' ಅಂತ ಬರೆಸಿಕೊಳ್ಳಿ. ಸೀರೆ ಬಿಚ್ಚುವ ಮುಂಚೆ ಒಂದು ಫೋಟೋವನ್ನು ಅಲ್ಲೇ ಕಪ್ಪು-ಬಿಳುಪು ಮಾಡಿಸಿ, ಹಣೆ, ತುಟಿ ದೊಡ್ಡದು ಮಾಡಿ ನೋಡಿ. ಒಪ್ಪದಿದ್ದರೆ ಎದ್ದು ಬನ್ನಿ, ಸಂಕೋಚ ಬೇಡ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದಾದ ಮೇಲೆ ಅವರಿಂದ ಬಂದಿದ್ದು, ಮಗುವಿನ ನಾಮಕರಣದ ಶೂಟ್‌ಗೆ 3,000 ರೂಪಾಯಿ ರಿಯಾಯಿತಿ!

ಕಣ್ಣು ಸರಿಹೋದ ಮೇಲೆ ಮನೆಯಲ್ಲೇ ಒಂದು ಫೋಟೋ ತೆಗೆದುಕೊಂಡೆವು. ಪಕ್ಕದ ಮನೆ ಆಂಟಿ ಕೂತು ಮೊಗ್ಗು ಹೊಲಿದರು. ಕುಂಕುಮ ಅಜ್ಜಿಯೇ ಇಟ್ಟರು. ಬೀರುವಿನ ಕನ್ನಡಿ, ಕಿಟಕಿ ಬೆಳಕು, ತಮ್ಮನ ಮೊಬೈಲು. ಹಿಂದಿನದನ್ನೆಲ್ಲ ಮಂಜು ಮಾಡುವ ಪೋರ್ಟ್ರೇಟ್ ಮೋಡ್ ಹಾಕಲಿಲ್ಲ, ಮುಖ, ಜಡೆ ಎರಡೂ ಸ್ಪಷ್ಟವಾಗಿ ಬಂದವು. ಬಣ್ಣದಲ್ಲೇ ಪ್ರಿಂಟ್ ಹಾಕಿಸಿದ್ದೇವೆ. ಕನ್ನಡಿಯ ಮೂಲೆಯಲ್ಲಿ ಇಸ್ತ್ರಿಗೆ ಇಟ್ಟ ಬಟ್ಟೆ ರಾಶಿ ಕಾಣುತ್ತದೆ.