ಹಳೇ ನೀರಿನ ಪೈಪ್ ತೆಗೆದು ಯಾವುದು ಹಾಕೋದು: ಡಿಐ, ಎಚ್‌ಡಿಪಿಇ, ಪಿವಿಸಿ?

ಡಿಐ ಅಂದರೆ ಸುಲಭಕ್ಕೆ ಒಡೆಯದ ಎರಕದ ಕಬ್ಬಿಣ, ಎಚ್‌ಡಿಪಿಇ ಬಾಗುವ ಪ್ಲಾಸ್ಟಿಕ್, ಪಿವಿಸಿ ಗಡುಸು ಪ್ಲಾಸ್ಟಿಕ್. ಬರೀ ಪೈಪಿನ ರೇಟು ನೋಡಿದರೆ ಸಣ್ಣ ಅಳತೆಯಲ್ಲಿ ಪಿವಿಸಿ ಅಗ್ಗ. ಆದರೆ ಜೇಬು ಖಾಲಿಯಾಗುವುದು ರಸ್ತೆ ಅಗೆದು ಮುಚ್ಚುವುದರಲ್ಲಿ, ಅಲ್ವಾ? ಅಗೆಯಲಾಗದ ಕಡೆ ಎಚ್‌ಡಿಪಿಇಯನ್ನು ನೆಲದಡಿಯಲ್ಲೇ ಎಳೆದುಬಿಡಬಹುದು.

ಸೋರುವುದು ಹೆಚ್ಚಾಗಿ ಜಾಯಿಂಟಿನಲ್ಲಿ. ಎಚ್‌ಡಿಪಿಇ ತುದಿಗಳನ್ನು ಕಾಯಿಸಿ ಬೆಸೆಯುತ್ತಾರೆ, ರಬ್ಬರ್ ರಿಂಗಿನ ಗೋಜೇ ಇಲ್ಲ, ಆದರೆ ತುದಿಯಲ್ಲಿ ಚೂರು ಮಣ್ಣು ಅಥವಾ ನೀರಿನ ಪಸೆ ಉಳಿದರೂ ಬೆಸುಗೆ ಕೆಟ್ಟಿತು ಅಂತಲೇ. ಪಳಗಿದ ಕೈ ಇಲ್ಲದಿದ್ದರೆ ಸುಮ್ನೆ ಆ ಕಡೆ ಹೋಗಬೇಡಿ.

ಲಾರಿ ಓಡುವ ರಸ್ತೆಯಡಿ, ಒತ್ತಡ ಜಾಸ್ತಿ ಇರುವ ದೊಡ್ಡ ಲೈನಿಗೆ ನನ್ನ ಓಟು ಡಿಐಗೆ. ಆದರೆ ಮಣ್ಣಿನಲ್ಲಿ ಉಪ್ಪಿದ್ದರೆ ಅದಕ್ಕೆ ಪಾಲಿಥೀನ್ ಹಾಳೆ ಸುತ್ತದೆ ಹೂಳಬೇಡಿ, ತುಕ್ಕು ತಿನ್ನುತ್ತದೆ. ಪೆಟ್ರೋಲ್ ಇಂಗಿದ ಮಣ್ಣಾದರೆ ಪ್ಲಾಸ್ಟಿಕ್ ಬೇಡವೇ ಬೇಡ, ವಾಸನೆ ಪೈಪಿನ ಗೋಡೆ ದಾಟಿ ನೀರಿಗೆ ಸೇರುತ್ತದೆ. ಪಂಪ್ ಪದೇ ಪದೇ ಆನ್-ಆಫ್ ಆಗುವ ಲೈನಿನಲ್ಲಿ ಪಿವಿಸಿ ದಣಿದು ಸೀಳಬಹುದು. ಒತ್ತಡ ಕಡಿಮೆ ಇರುವ ಗಲ್ಲಿಗೆ ಅದೇ ಸಾಕು.