ರಸ್ತೆ ಬದಿಯ ‘ಒರತೆ’ ನೀರು ತುಂಬಿಸಿಕೊಳ್ಳುವ ಮುನ್ನ ಇದನ್ನು ಓದಿ

ಪಾಂಡವಪುರದ ಕಡೆಯಿಂದ ಮೈಸೂರಿಗೆ ಬರುವಾಗ ರಸ್ತೆ ಬದಿ ಪೈಪಿನಿಂದ ಬೀಳುವ ನೀರನ್ನು ಕ್ಯಾನಿಗೆ ತುಂಬಿಸಿಕೊಳ್ಳುವ ಅಭ್ಯಾಸ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಜಾಗದ ಹೆಸರು ಬರೆಯುತ್ತಿಲ್ಲ. ಬರೆದರೆ ‘ಅದು ಅಲ್ಲಿಯದು, ನಾವು ತರೋದು ಬೇರೆ ಕಡೆಯದು’ ಅಂತ ಸುಮ್ಮನಾಗಿಬಿಡುತ್ತೀರಿ. ಆ ಭಾಗದಲ್ಲಿ ಇಂಥ ಜಾಗ ಒಂದೇ ಅಲ್ಲ.

ನನ್ನ ಹೆಂಡತಿಯ ತವರು ಆ ಕಡೆ. ಆಗಸ್ಟ್ ಕೊನೆಯಲ್ಲಿ ಒಂದು ಭಾನುವಾರ ವಾಪಸ್ ಬರುವಾಗ ಜನ ಸಾಲಾಗಿ ಕ್ಯಾನ್ ಇಟ್ಟುಕೊಂಡು ನಿಂತಿದ್ದರು. ಏರಿಯ ಕಲ್ಲಿನ ಸಂದಿಗೆ ಯಾರೋ ಒಂದು ಪೈಪ್ ಸಿಕ್ಕಿಸಿದ್ದರು. ನೀರು ಕನ್ನಡಿ ಹಾಗೆ ಇತ್ತು, ತಣ್ಣಗಿತ್ತು, ವಾಸನೆ ಇಲ್ಲ. ‘ಒರತೆ ನೀರು ಸಾರ್, ವರ್ಷಗಟ್ಟಲೆಯಿಂದ ಕುಡೀತಿದ್ದೀವಿ’ ಅಂದರು ಪಕ್ಕದಲ್ಲಿದ್ದವರು. ಬೊಗಸೆಯಲ್ಲಿ ಹಿಡಿದು ಕುಡಿದೆವು. 20 ಲೀಟರಿನ ಒಂದು ಕ್ಯಾನ್ ಮನೆಗೂ ತಂದೆವು.

ಆ ನೀರು ನಮ್ಮನ್ನು ಗೆದ್ದಿದ್ದು ಅಡುಗೆಮನೆಯಲ್ಲಿ. ನಮ್ಮ ಬೋರ್‌ವೆಲ್ ನೀರಿಗೆ ತೊಗರಿಬೇಳೆ ಎಷ್ಟು ಕೂಗಿಸಿದರೂ ಗಟ್ಟಿ. ಇದರಲ್ಲಿ ಬೆಣ್ಣೆ ಹಾಗೆ ಬೆಂದಿತು. ಬೇಳೆ ಬೇಯುವ ನೀರು ಒಳ್ಳೆಯ ನೀರು ಅಂತ ಅಮ್ಮ ಮೊದಲಿಂದಲೂ ನಂಬಿದವರು. ಭಾಮೈದ ಟಿಡಿಎಸ್ ಪೆನ್ನು ಅದ್ದಿ ನೋಡಿದ, ಅದರಲ್ಲೂ ಕಡಿಮೆ ಬಂತು. ಮುಗಿಯಿತು. ಮನೆಯ ಫಿಲ್ಟರ್ ಬಿಟ್ಟು ಈ ನೀರನ್ನೇ ಮಡಕೆಗೆ ಸುರಿದು ಕುಡಿಯತೊಡಗಿದೆವು. ಕಾಯಿಸಿದರೆ ರುಚಿ ಹೋಗುತ್ತೆ ಅಂತ ಕಾಯಿಸಲೂ ಇಲ್ಲ. ಸಾಲಾಗಿ ನಾಲ್ಕು ಭಾನುವಾರ ತಂದೆವು.

ಬೇಳೆ ಬೇಗ ಬೇಯುವುದು ನೀರು ಗಡಸಾಗಿಲ್ಲ ಅನ್ನೋದಕ್ಕೆ ಗುರುತು, ಅಷ್ಟೇ. ಟಿಡಿಎಸ್ ಪೆನ್ನು ಕರಗಿರುವ ಲವಣಗಳ ಅಂದಾಜು ಕೊಡುತ್ತದೆ, ರೋಗಾಣು ಅದಕ್ಕೆ ಕಾಣುವುದಿಲ್ಲ. ಈ ಎರಡು ಮಾತು ಆಗ ಗೊತ್ತಿದ್ದಿದ್ದರೆ!

ಸೆಪ್ಟೆಂಬರ್ ಕೊನೆಗೆ ಮಗಳಿಗೆ ಜ್ವರ, ವಾಂತಿ. ಅವಳಿಗೆ 9 ವರ್ಷ. ಗೋಬಿ ತಿಂದಿದ್ದಳು ಅಂತ ಬೈದೆವು, ಪಾಪ. ನಾಲ್ಕೇ ದಿನಕ್ಕೆ ನನಗೂ ಶುರುವಾಯಿತು. ಒಗ್ಗರಣೆ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಕಣ್ಣು ಅರಿಶಿನ ಹಚ್ಚಿದ ಹಾಗೆ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಎ ಅಂತ ಬಂತು. ಕಲುಷಿತ ನೀರು, ಊಟದಿಂದ ಬರುವ ಕಾಮಾಲೆ ಇದು.

‘ನಿನ್ನೆ ಮೊನ್ನೆ ತಿಂದಿದ್ದು ಹೇಳಬೇಡಿ, ಹೋದ ತಿಂಗಳು ಎಲ್ಲಿ ಏನು ಕುಡಿದಿರಿ ಹೇಳಿ’ ಅಂದರು ಡಾಕ್ಟರ್. ಈ ವೈರಸ್ ಒಳಗೆ ಹೋದ 15ರಿಂದ 50 ದಿನದೊಳಗೆ ಯಾವಾಗ ಬೇಕಾದರೂ ಕಾಯಿಲೆ ಕಾಣಿಸಿಕೊಳ್ಳಬಹುದಂತೆ, ಸಾಮಾನ್ಯವಾಗಿ ನಾಲ್ಕು ವಾರ. ಅಷ್ಟು ಹೊತ್ತಿಗೆ ನೀರು ತಂದಿದ್ದು ಯಾರಿಗೆ ನೆನಪಿರುತ್ತದೆ? ಅದಕ್ಕೇ ಇಂಥ ಜಾಗಗಳಿಗೆ ಕೆಟ್ಟ ಹೆಸರು ಬರುವುದೇ ಇಲ್ಲ. ಅಮ್ಮನಿಗೆ ಏನೂ ಆಗಲಿಲ್ಲ. ಅವರ ಕಾಲದ ಬಹಳ ಜನರಿಗೆ ಚಿಕ್ಕಂದಿನಲ್ಲೇ ಗೊತ್ತಾಗದ ಹಾಗೆ ಬಂದು ಹೋಗಿರುತ್ತದೆ, ಮತ್ತೆ ಬರುವುದಿಲ್ಲ ಅಂದರು ಡಾಕ್ಟರ್. ‘ನಾವು ಕುಡಿದು ಏನೂ ಆಗಿಲ್ಲ’ ಅಂತ ಹಿರಿಯರು ಹೇಳುವುದು ಸುಳ್ಳಲ್ಲ. ಆದರೆ ಆ ಮಾತು ನಿಮ್ಮ ಮಕ್ಕಳಿಗೆ ಅನ್ವಯಿಸುವುದಿಲ್ಲ.

ಮಗಳು ಎರಡು ವಾರಕ್ಕೆ ಎದ್ದು ಓಡಾಡಿದಳು. ದೊಡ್ಡವರಿಗೆ ಇದು ಜೋರಾಗೇ ಕಾಡುತ್ತದೆ. ನಾನು ಐದು ವಾರ ಕೆಲಸಕ್ಕೆ ಹೋಗಲಿಲ್ಲ. ನೆಂಟರು ಕಾಮಾಲೆ ಔಷಧಿ ಅಂತ ಏನೇನೋ ಸೊಪ್ಪಿನ ರಸ ತಂದರು. ಡಾಕ್ಟರ್ ಖಂಡಿತ ಬೇಡ ಅಂದರು. ದಣಿದ ಲಿವರ್ ಮೇಲೆ ಗೊತ್ತಿಲ್ಲದ್ದನ್ನು ಹಾಕಬಾರದು. ಜ್ವರದ ಮಾತ್ರೆಯನ್ನೂ ಅವರನ್ನು ಕೇಳದೆ ನುಂಗಬೇಡಿ ಅಂದಿದ್ದರು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಭಾಮೈದನ ಜೊತೆ ಆ ಜಾಗಕ್ಕೆ ಹೋದೆ. ಈ ಸಲ ಪೈಪಿನ ಹತ್ತಿರ ನಿಲ್ಲದೆ ಏರಿ ಹತ್ತಿದೆ. ಮೇಲೆ ವಿಶ್ವೇಶ್ವರಯ್ಯ ನಾಲೆಯ ಕವಲು ತುಂಬಿ ಹರಿಯುತ್ತಿತ್ತು. ಬಟ್ಟೆ ಒಗೆಯುತ್ತಿದ್ದರು, ಎಮ್ಮೆ ಮೈ ತೊಳೆಯುತ್ತಿದ್ದರು. ನಾಲೆಯ ಆಚೆ ಭತ್ತದ ಗದ್ದೆ, ಒಂದಷ್ಟು ಮನೆ. ದನ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ನನ್ನ ಪ್ರಶ್ನೆಗೆ ಹೀಗಂದರು: ‘ಒರತೆ ಎಲ್ಲಿದ್ದದು ಕಣಪ್ಪ? ನಾಲೇಲಿ ನೀರ್ ಬುಟ್ರೆ ಇದೂ ಬತ್ತದೆ, ನಾಲೆ ನಿಂತ್ರೆ ಇದೂ ನಿಂತೋಯ್ತದೆ. ಬಸಿ ನೀರು. ನಾವು ಕುಡಿಯಕ್ಕಿಲ್ಲ.’

ಮಣ್ಣಿನಲ್ಲಿ ಸೋಸಿ ಬಂದ ನೀರಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಬಹಳ ದೂರ ನಿಧಾನವಾಗಿ ಇಳಿದು ಬಂದರೆ ಮಣ್ಣು ಒಂದಿಷ್ಟು ಸೋಸುತ್ತದೆ. ಏರಿಯಲ್ಲಿ ಹಾಗಲ್ಲ. ಏಡಿ ಬಿಲ, ಹೆಗ್ಗಣದ ಬಿಲ, ಮರದ ಬೇರು, ಕಲ್ಲಿನ ಬಿರುಕು ಎಲ್ಲಾ ಇರುತ್ತವೆ. ಮಸುಕು ಹೋಗುವಷ್ಟು ಸೋಸುತ್ತದೆ, ವೈರಸ್ ಹಿಡಿಯುವಷ್ಟಲ್ಲ.

ಕುದಿಸಿ ಆರಿಸಿದ ಬಾಟಲಿಯಲ್ಲಿ ನೀರು ಹಿಡಿದು, ಐಸ್ ಜೊತೆ ಇಟ್ಟು ಅವತ್ತೇ ಲ್ಯಾಬಿಗೆ ಕೊಟ್ಟೆವು. ಮಲದಿಂದ ಬರುವ ಇ-ಕೋಲಿ ಅನ್ನೋ ಬ್ಯಾಕ್ಟೀರಿಯಾ ಇತ್ತು. ಕುಡಿಯುವ ನೀರಿನ ಮಾನದಂಡದ ಪ್ರಕಾರ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಕಾಮಾಲೆಯ ವೈರಸ್ಸನ್ನು ಆ ಪರೀಕ್ಷೆ ಹುಡುಕುವುದಿಲ್ಲ, ಆದರೆ ಮಲ ಸೇರುವ ದಾರಿ ಇದ್ದ ಮೇಲೆ ಅದೂ ಬರಬಹುದು. ನೈಟ್ರೇಟ್ ಕೂಡ ಲೀಟರಿಗೆ 45 ಮಿಲಿಗ್ರಾಂ ಎಂಬ ಮಿತಿ ದಾಟಿತ್ತು. ಗದ್ದೆಗೆ ಹಾಕುವ ಯೂರಿಯಾ, ಸಗಣಿ ಗಂಜಲ, ಶೌಚದ ಗುಂಡಿ ಇವುಗಳಿಂದ ಬರುವಂಥದ್ದು ಅದು.

ಎದುರು ಮನೆಯವರಿಗೂ ನಾನು ಎರಡು ಸಲ ಈ ನೀರು ಕೊಟ್ಟಿದ್ದೆ. ಅದು ನೆನಪಾಗಿ ಕೈಕಾಲು ತಣ್ಣಗಾಯಿತು. ಹೋಗಿ ಕೇಳಿದರೆ ಅವರಿಗೆ ಏನೂ ಆಗಿರಲಿಲ್ಲ. ಆ ಮನೆಯ ಆಂಟಿ ಯಾವ ನೀರನ್ನಾದರೂ ಕುದಿಸಿಯೇ ಕುಡಿಯುವುದು. ಕೊತಕೊತ ಒಂದು ನಿಮಿಷ ಕುದ್ದರೆ ಈ ರೋಗಾಣುಗಳು ಸಾಯುತ್ತವೆ. ಆದರೆ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಅದು ಅಪಾಯ. ರಕ್ತ ಆಮ್ಲಜನಕ ಹೊರಲಾಗದೆ ಮೈ ನೀಲಿ ತಿರುಗಬಹುದು. ಇಂಥ ನೀರಲ್ಲಿ ಹಾಲಿನ ಪುಡಿ ಕಲಸಲೇಬೇಡಿ.

ನಿಮಗೆ ಯಾವುದಾದರೂ ಒರತೆಯ ಮೇಲೆ ನಂಬಿಕೆ ಇದ್ದರೆ ಮೊದಲು ಅದರ ಮೇಲ್ಭಾಗಕ್ಕೆ ಹತ್ತಿ ನೋಡಿ. ನಾಲೆ ನಿಂತಾಗ ಇದೂ ನಿಲ್ಲುತ್ತದಾ ಅಂತ ಊರವರನ್ನು ಕೇಳಿ. ಮಳೆ ಬಂದ ಮಾರನೇ ದಿನ ನೀರು ಕದಡಿದ್ದರೆ ಮುಟ್ಟಬೇಡಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಲ್ಯಾಬ್ ಜಿಲ್ಲಾ ಮಟ್ಟದಲ್ಲಿದೆ, ಪರೀಕ್ಷೆ ಮಾಡಿಸಿ. ಒಂದು ಸಲ ಚೆನ್ನಾಗಿ ಬಂತು ಅಂದರೆ ಎಲ್ಲಾ ಕಾಲಕ್ಕೂ ಸರಿ ಅಂತಲ್ಲ, ನಾಲೆಗೆ ನೀರು ಬಿಟ್ಟ ಮೇಲೆ, ಮಳೆಗಾಲದಲ್ಲಿ ಮತ್ತೆ ಮಾಡಿಸಬೇಕು.

ಹೋದ ಭಾನುವಾರ ಆ ದಾರಿಯಲ್ಲೇ ಬಂದೆ. ಕೂಸು ಎತ್ತಿಕೊಂಡ ಹೆಣ್ಣುಮಗಳೊಬ್ಬರು ಹಾಲಿನ ಬಾಟಲಿ ಹಿಡಿದು ನಿಂತಿದ್ದರು. ಗಾಡಿ ನಿಲ್ಲಿಸಿ ರಿಪೋರ್ಟ್ ತೋರಿಸಿದೆ. ಅವರು ಓದಿ, ನೀರು ಚೆಲ್ಲಿದರು. ಅವರ ಹಿಂದಿದ್ದವರು ತುಂಬಿಸಿಕೊಂಡೇ ಹೋದರು. ರಿಪೋರ್ಟಿನ ಜೆರಾಕ್ಸ್ ಇನ್ನೂ ಸುಮಾರು ಇವೆ. ಆ ಕಡೆ ಓಡಾಡುವವರು ಕೇಳಿದರೆ ಜಾಗದ ಗುರುತಿನ ಜೊತೆ ಕಳಿಸಿಕೊಡುತ್ತೇನೆ.