ಗ್ರೀಸ್ ದ್ವೀಪಯಾನ: ಒಂದು ಪ್ರವಾಸ ಯೋಜನೆಯ ವಿಮರ್ಶೆ

ಅಥೆನ್ಸ್, ಮಿಕೊನೊಸ್, ಡೆಲೋಸ್, ನಾಕ್ಸೋಸ್‌ಗಳನ್ನು ಒಂಬತ್ತು ದಿನಗಳಲ್ಲಿ ಜೋಡಿಸಿಕೊಟ್ಟ ಬೆಂಗಳೂರಿನ ಪ್ರವಾಸ ಸಂಸ್ಥೆಯೊಂದರ ಯೋಜನೆ ಒಟ್ಟಾರೆ ಮೆಚ್ಚುವಂಥದ್ದು. ಅಪೊಲೊ ದೇವರು ಹುಟ್ಟಿದ ನೆಲವೆಂದು ಪ್ರಾಚೀನ ಗ್ರೀಕರು ನಂಬಿದ್ದ, 1990ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಡೆಲೋಸ್‌ನಲ್ಲಿ ಪ್ರವಾಸಿಗರು ರಾತ್ರಿ ತಂಗುವಂತಿಲ್ಲ. ಆದ್ದರಿಂದ ಮಿಕೊನೊಸ್‌ನಲ್ಲಿ ವಸತಿ ಕೊಟ್ಟು ಬೆಳಗಿನ ಮೊದಲ ದೋಣಿಗೇ ಕಳುಹಿಸಿದ್ದರಿಂದ, ಪಾಳುಮನೆಗಳ ನೆಲದ ಮೊಸಾಯಿಕ್ ಚಿತ್ರಗಳನ್ನು ನೂಕುನುಗ್ಗಲಿಲ್ಲದೆ ನೋಡಲು ಸಾಧ್ಯವಾಯಿತು. ಆದರೆ ಜುಲೈ ತಿಂಗಳ ನಡುಮಧ್ಯಾಹ್ನ ಅಥೆನ್ಸ್‌ನ ನೆರಳಿಲ್ಲದ ಅಕ್ರೊಪೊಲಿಸ್ ಬೆಟ್ಟ ಹತ್ತಿಸಿದ್ದು ದೊಡ್ಡ ತಪ್ಪು. ವಯಸ್ಸಾದ ನಮ್ಮ ತಾಯಿಯವರು ಮೇಲಿನ ಪಾರ್ಥೆನಾನ್ ದೇಗುಲವನ್ನು ತಲುಪದೆಯೇ ಮರಳಬೇಕಾಯಿತು. ಊಟವನ್ನು ನಮ್ಮ ಆಯ್ಕೆಗೆ ಬಿಟ್ಟದ್ದು ಒಳ್ಳೆಯದಾಯಿತು. ನಾಕ್ಸೋಸ್‌ನ ಗ್ರಾವಿಯೆರಾ ಚೀಸ್, ಅಲ್ಲಿಯದೇ ಆಲೂಗಡ್ಡೆ, ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿದ ಫಾವಾ (ನಮ್ಮ ತೊವ್ವೆಯ ಹತ್ತಿರದ ನೆಂಟನೇ ಸರಿ), ಇವುಗಳಿಗಾಗಿಯೇ ಆ ದ್ವೀಪದಲ್ಲಿ ಇನ್ನೊಂದು ದಿನವನ್ನು ಕೇಳಿ ಪಡೆಯಬೇಕು.